ಕಂಬಳಿ ಹೊದ್ದ ಬಿಯರು

ಬಿಯರ್ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಬೇಸಿಗೆ. ಏಪ್ರಿಲ್ ತಿಂಗಳ ಸೆಕೆ, ಶುಕ್ರವಾರದ ಸಂಜೆ, ಇಂದಿರಾನಗರದ್ದೋ ಕೋರಮಂಗಲದ್ದೋ ಒಂದು ಮೈಕ್ರೋಬ್ರೂವರಿ, ಟೇಬಲ್ ಮೇಲೆ ಬೆವರುತ್ತಾ ಕೂತಿರೋ ಗ್ಲಾಸು. ಆದರೆ ಬಿಯರ್ ಕುಡಿಯೋ ಕಾಲ ಬೇರೆ, ಮಾಡೋ ಕಾಲ ಬೇರೆ. ಫ್ರಿಜ್ಜು, ಏಸಿ ಇಲ್ಲದ ಕಾಲದಲ್ಲಿ ಯುರೋಪಿನ ಎಷ್ಟೋ ಕಡೆ ಬಿಯರ್ ಚಳಿಗಾಲದ ಕೆಲಸವಾಗಿತ್ತು. ಜರ್ಮನಿಯ ಬವೇರಿಯಾದಲ್ಲಿ 1553ರಲ್ಲಿ ಐದನೇ ಆಲ್ಬ್ರೆಕ್ಟ್ ಅನ್ನೋ ದೊರೆ, ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಯಾರೂ ಬಿಯರ್ ಬೇಯಿಸಕೂಡದು ಅಂತ ಕಟ್ಟಪ್ಪಣೆಯನ್ನೇ ಹೊರಡಿಸಿದ್ದ. ಸೆಕೆಯಲ್ಲಿ ಮಾಡಿದ್ದು ಹುಳಿ ಬಂದು ಹಾಳಾಗುತ್ತೆ ಅನ್ನೋದು ಅವರಿಗೆ ಅನುಭವದಿಂದ ಗೊತ್ತಿತ್ತು. ಯಾಕೆ ಅನ್ನೋದು ಗೊತ್ತಿರಲಿಲ್ಲ. ಅದಕ್ಕೂ ಹಿಂದೆ, 1516ರಲ್ಲಿ ಅದೇ ಬವೇರಿಯಾದಲ್ಲಿ ಬಂದ ಬಿಯರ್ ಕಾನೂನು ಬಾರ್ಲಿ, ಹಾಪ್ಸ್, ನೀರು ಈ ಮೂರನ್ನು ಮಾತ್ರ ಹೆಸರಿಸುತ್ತದೆ. ಯೀಸ್ಟಿನ ಹೆಸರೇ ಇಲ್ಲ. ನಿಜವಾಗಿ ಕೆಲಸ ಮಾಡೋನ ಹೆಸರು ರಿಪೋರ್ಟಿನಲ್ಲಿ ಇರಲ್ಲ. ಐಟಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಬಿಡಿ.

ನಾನಿರೋದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ. ಪ್ರಾಜೆಕ್ಟ್ ಮೇಲೆ ಬಂದು ನಾಲ್ಕು ವರ್ಷ ಆಯ್ತು. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿರ್ತಾನೆ, ಜನವರಿಯಲ್ಲಿ ಮೈನಸ್ 20 ಡಿಗ್ರಿ ಅಂದ್ರೆ ಯಾರೂ ಹುಬ್ಬೇರಿಸಲ್ಲ. ಹಾಸನ ಜಿಲ್ಲೆಯ ಹಳ್ಳಿಯಲ್ಲಿ ಬೆಳೆದ ನನಗೆ ಈ ಊರಲ್ಲಿ ಅತಿ ಕಷ್ಟ ಅನ್ಸಿದ್ದು ಚಳಿಯಲ್ಲ, ಕೈಗೆ ಕೆಲಸ ಇಲ್ಲದಿರೋದು. ದಿನಪೂರ್ತಿ ಮಾಡಿದ ಕೆಲಸವನ್ನು ಮುಟ್ಟಿ ನೋಡೋಕಾಗಲ್ಲ. ಪಕ್ಕದ ಟೀಮಿನ ಹಿರಿಯ ಸಹೋದ್ಯೋಗಿಯೊಬ್ಬರು ಮನೆ ಖಾಲಿ ಮಾಡುವಾಗ ತಮ್ಮ ಬಿಯರ್ ಬಕೆಟ್ಟು, ಪೈಪು, ದೊಡ್ಡ ಪಾತ್ರೆ ಎಲ್ಲಾನೂ ನನಗೆ ದಾಟಿಸಿದರು. ‘ಚಳಿಗಾಲದಲ್ಲೇ ಶುರು ಮಾಡು, ಸುಲಭ’ ಅಂದ್ರು. ಯಾಕೆ ಸುಲಭ, ಎಲ್ಲಿ ಕಷ್ಟ ಅನ್ನೋದು ಈಗ ಗೊತ್ತಾಗಿದೆ. ಚಳಿ ದೇಶದಲ್ಲಿದ್ದು ಇದೇ ಆಸೆ ಇಟ್ಕೊಂಡಿರೋರಿಗೆ ಉಪಯೋಗಕ್ಕೆ ಬರಲಿ ಅಂತ ಬರೀತಿದ್ದೀನಿ.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ಅಮೆರಿಕದಲ್ಲಿ ಮನೆಯಲ್ಲಿ ಬಿಯರ್ ಮಾಡೋದನ್ನು ಒಪ್ಪುವ ಕಾಯ್ದೆಗೆ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ್ದು 1978ರಲ್ಲಿ. ವಯಸ್ಕರು ಒಬ್ಬರೇ ಇರೋ ಮನೆಯಾದರೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಇದ್ದರೆ 200 ಗ್ಯಾಲನ್. ಮಾರುವಂತಿಲ್ಲ. ಆಮೇಲೂ ಕೆಲವು ರಾಜ್ಯಗಳು ತಡೆ ಇಟ್ಟುಕೊಂಡಿದ್ದವು. ಕೊನೆಗೆ ಅಲಬಾಮಾ, ಮಿಸಿಸಿಪ್ಪಿ ಒಪ್ಪಿದ್ದು 2013ರಲ್ಲಿ. ನಮ್ಮ ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸೋದು ಅಪರಾಧ. ಬೆಂಗಳೂರಿನ ಅಪಾರ್ಟ್‌ಮೆಂಟಲ್ಲಿ ಕೂತು ಇದನ್ನು ಓದ್ತಿದ್ದರೆ, ಓದಿ ಖುಷಿಪಡಿ, ಅಷ್ಟೇ.

ಈಗ ಅಡುಗೆಮನೆಗೆ ಬರೋಣ. ಮಾಲ್ಟ್ ಅಂದ್ರೆ ಏನೋ ಫಾರಿನ್ ವಸ್ತು ಅಂದ್ಕೋಬೇಡಿ. ಕೂಸಿಗೆ ರಾಗಿಸರಿ ಮಾಡೋಕೆ ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸ್ತಾರಲ್ಲ? ಬಾರ್ಲಿಗೂ ಹಾಗೇ ಮೊಳಕೆ ಬರಿಸಿ ಬಿಸಿಗಾಳಿಯಲ್ಲಿ ಒಣಗಿಸಿದರೆ ಮಾಲ್ಟ್. ಮೊಳಕೆ ಒಡೆಯುವಾಗ ಕಾಳಿನೊಳಗೆ ಹುಟ್ಟೋ ಕಿಣ್ವಗಳು ಮುಂದೆ ಬಿಸಿನೀರಲ್ಲಿ ಪಿಷ್ಟವನ್ನು ಸಕ್ಕರೆ ಮಾಡುತ್ತವೆ. ಆ ಸಿಹಿನೀರನ್ನು ಜೋನಿಬೆಲ್ಲದ ಹದಕ್ಕೆ ಇಳಿಸಿ ಡಬ್ಬಿಯಲ್ಲಿ ಮಾರ್ತಾರೆ, ಅದು ಮಾಲ್ಟ್ ಎಕ್ಸ್‌ಟ್ರ್ಯಾಕ್ಟ್. ಹೊಸಬರು ಡಬ್ಬಿಯಿಂದಲೇ ಶುರು ಮಾಡೋದು ಒಳ್ಳೇದು. 5 ಗ್ಯಾಲನ್ ಅಂದ್ರೆ ಸುಮಾರು 19 ಲೀಟರಿಗೆ ಹತ್ತಿರಹತ್ತಿರ 3 ಕೆಜಿ ಬೇಕು. ಅರ್ಧದಷ್ಟು ನೀರಿನಲ್ಲಿ ಅದನ್ನು ಕರಗಿಸಿ ಒಂದು ಗಂಟೆ ಕುದಿಸಬೇಕು. ಕುದಿ ಶುರುವಾದಾಗ ಹಾಕಿದ ಹಾಪ್ಸ್ ಕಹಿ ಕೊಡುತ್ತೆ, ಕೊನೆಯಲ್ಲಿ ಹಾಕಿದ್ದು ಘಮ ಕೊಡುತ್ತೆ. ಮೊದಲ ಐದು ನಿಮಿಷ ಪಾತ್ರೆ ಬಿಟ್ಟು ಕದಲಬಾರದು. ನೊರೆ ಹಾಲಿಗಿಂತ ಜೋರಾಗಿ ಉಕ್ಕುತ್ತೆ. ನಮ್ಮ ಮನೆಯಲ್ಲಿ ಹಾಗೆ ಕುದಿ ಬಂದಾಗ ನನ್ನ ಹೆಂಡತಿ ಮಹಡಿಯಿಂದ ಇಳಿದು ಬಂದು, ‘ಇದೇನ್ರೀ, ಆಲೆಮನೆ ವಾಸನೆ!’ ಅಂದಳು. ಅವಳದು ಮಂಡ್ಯ. ಅವಳ ಮೂಗನ್ನು ಅನುಮಾನಿಸೋ ಹಾಗಿಲ್ಲ.

ಚಳಿಗಾಲದ ಮೊದಲ ಲಾಭ ಸಿಗೋದು ಇಲ್ಲಿ. ಕುದಿದ ಈ ರಸವನ್ನು (ಇದಕ್ಕೆ ವರ್ಟ್ ಅಂತಾರೆ) ಆದಷ್ಟು ಬೇಗ 20 ಡಿಗ್ರಿಗೆ ಇಳಿಸಬೇಕು. ಬೆಚ್ಚಗಿನ ಸಿಹಿನೀರು ಎಲ್ಲ ಬ್ಯಾಕ್ಟೀರಿಯಾಗಳಿಗೂ ಹಬ್ಬ. ಬೇಸಿಗೆಯಲ್ಲಾದರೆ ಮೂಟೆಗಟ್ಟಲೆ ಐಸು ಬೇಕು. ಜನವರಿಯಲ್ಲಿ ಇಲ್ಲಿ ನಲ್ಲಿ ನೀರೇ ಐಸಿನ ತಂಗಿ. ಹೊರಗೆ ರಾಶಿ ಬಿದ್ದಿರೋ ಹಿಮದಲ್ಲಿ ಪಾತ್ರೆ ಹೂತಿಟ್ಟರೆ ಆಯ್ತಲ್ಲ ಅಂತ ಅನಿಸೋದು ಸಹಜ. ಆದರೆ ಹಿಮದಲ್ಲಿ ತುಂಬಿರೋದು ಬಹುಪಾಲು ಗಾಳಿ. ಬಿಸಿ ಪಾತ್ರೆಯ ಸುತ್ತ ಹಿಮ ಕರಗಿ ಒಂದು ಟೊಳ್ಳು ಜಾಗ ಆಗುತ್ತೆ, ಆಮೇಲೆ ಬಿಸಿ ಹೊರಗೆ ಹೋಗೋದೇ ನಿಧಾನ. ಅದಕ್ಕಿಂತ ಸಿಂಕಿನಲ್ಲಿ ತಣ್ಣೀರು ತುಂಬಿ ಪಾತ್ರೆ ಕೂರಿಸಿ, ನೀರು ಬೆಚ್ಚಗಾದ ಹಾಗೆ ಬದಲಾಯಿಸಿ. ಹಿಮವನ್ನು ಬೇಕಾದರೆ ಆ ನೀರಿಗೆ ಸುರೀರಿ. ಅರ್ಧ ಗಂಟೆಯ ಕೆಲಸ. ಆಮೇಲೆ ಬಕೆಟ್ಟಿಗೆ ಸುರಿದು, ಉಳಿದರ್ಧ ತಣ್ಣೀರು ಸೇರಿಸಿ 19 ಲೀಟರ್ ಮಾಡಿಕೊಳ್ಳೋದು.

ಇಲ್ಲಿಂದ ಮುಂದೆ ಮುಟ್ಟೋ ಎಲ್ಲಾನೂ ಸ್ಯಾನಿಟೈಸರಿನಲ್ಲಿ ಅದ್ದಿ ತೆಗೆದಿರಬೇಕು. ಚಮಚ, ಬಕೆಟ್ಟು, ಮುಚ್ಚಳ, ಥರ್ಮಾಮೀಟರ್, ಎಲ್ಲ. ನಮ್ಮವ್ವ ಡೈರಿಗೆ ಹಾಲು ಹಾಕೋ ಕ್ಯಾನನ್ನು ಬಿಸಿನೀರಲ್ಲಿ ತೊಳೆದು ಬಿಸಿಲಿಗೆ ಬೋರಲು ಹಾಕದೆ ಒಳಗೆ ತಂದದ್ದನ್ನು ನಾನು ನೋಡಿಲ್ಲ. ಆ ಶಿಸ್ತು ಇದ್ದರೆ ಬಿಯರಿನ ಮುಕ್ಕಾಲು ಪಾಲು ಬಂದ ಹಾಗೆ.

ಆಮೇಲೆ ಯೀಸ್ಟು. 11 ಗ್ರಾಮಿನ ಒಂದು ಒಣ ಪೊಟ್ಟಣ ಸಾಕು. ಇದೇ ಇಡೀ ಕಥೆಯ ನಾಯಕ, ಮತ್ತು ಚಳಿಯ ಕಷ್ಟ ಶುರುವಾಗೋದೂ ಇವನಿಂದಲೇ.

ಯೀಸ್ಟಿನಲ್ಲಿ ಎರಡು ಜಾತಿ. ಏಲ್ ಯೀಸ್ಟಿಗೆ 18ರಿಂದ 20 ಡಿಗ್ರಿ ಹಿತ. ಲಾಗರ್ ಯೀಸ್ಟು 10-12 ಡಿಗ್ರಿಯಲ್ಲಿ ಕೆಲಸ ಮಾಡುತ್ತೆ. ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಈ ಲಾಗರ್ ಯೀಸ್ಟನ್ನು ಶುದ್ಧವಾಗಿ ಬೇರ್ಪಡಿಸಿದ್ದು 1883ರಲ್ಲಿ. ಅದು ಎರಡು ಜಾತಿಯ ಬೆರಕೆ ಅನ್ನೋದು ಗೊತ್ತಿತ್ತು, ಆದರೆ ಚಳಿ ತಡೆಯೋ ಆ ಇನ್ನೊಂದು ಪೂರ್ವಜ ಅರ್ಜೆಂಟೀನಾದ ಪ್ಯಾಟಗೋನಿಯಾ ಕಾಡಿನಲ್ಲಿ ಸಿಕ್ಕ ಸುದ್ದಿ ಬಂದಿದ್ದು 2011ರಲ್ಲಿ. ಹೊರಗೆ ಇಷ್ಟು ಚಳಿ ಇದೆಯಲ್ಲ, ಲಾಗರನ್ನೇ ಮಾಡೋಣ ಅಂತ ಅನಿಸುತ್ತೆ. ಮೊದಲನೇ ಸಲ ಬೇಡ. ಅದಕ್ಕೆ ಹೆಚ್ಚು ಯೀಸ್ಟ್ ಬೇಕು, ವಾರಗಟ್ಟಲೆ ಒಂದೇ ಸಮ 10-12 ಡಿಗ್ರಿ ಬೇಕು, ಆಮೇಲೆ ಮತ್ತಷ್ಟು ವಾರ ಸೊನ್ನೆಯ ಹತ್ತಿರ ಇಟ್ಟು ಕಾಯಬೇಕು. ಜರ್ಮನ್ ಭಾಷೆಯಲ್ಲಿ ಲಾಗರ್ ಅನ್ನೋ ಪದಕ್ಕೆ ಉಗ್ರಾಣ, ದಾಸ್ತಾನು ಅನ್ನೋ ಅರ್ಥವೇ ಇರೋದು.

ಏಲ್ ಮಾಡೋರಿಗೆ ಚಳಿಯ ಲೆಕ್ಕ ಹೀಗೆ. ನಮ್ಮ ಬಾಡಿಗೆ ಮನೆಯ ಬೇಸ್‌ಮೆಂಟು ಜನವರಿಯಲ್ಲಿ 15 ಡಿಗ್ರಿ ಇರುತ್ತೆ. ಕಮ್ಮಿ ಆಯ್ತಲ್ಲ ಅಂತೀರಾ? ಯೀಸ್ಟ್ ಸಕ್ಕರೆ ತಿನ್ನುವಾಗ ತಾನೇ ಬಿಸಿ ಹುಟ್ಟಿಸುತ್ತೆ. ಮೊದಲ ಎರಡು ಮೂರು ದಿನ ಬಕೆಟ್ಟಿನೊಳಗೆ ಹೊರಗಿಗಿಂತ ಎರಡರಿಂದ ನಾಲ್ಕು ಡಿಗ್ರಿ ಜಾಸ್ತಿ ಇರುತ್ತೆ. ಅಂದ್ರೆ 18ರ ಸುತ್ತಮುತ್ತ, ಸರಿಯಾಗಿ ಬೇಕಾದಷ್ಟೇ. ತೊಂದರೆ ಬರೋದು ನಾಲ್ಕನೇ ದಿನ. ಹೊಟ್ಟೆ ತುಂಬಿದ ಯೀಸ್ಟಿನ ಓಟ ನಿಧಾನ ಆಗುತ್ತೆ, ಬಿಸಿ ಹುಟ್ಟೋದು ಕಮ್ಮಿ ಆಗುತ್ತೆ, ಬಕೆಟ್ಟು ಮತ್ತೆ 15ಕ್ಕೆ ಇಳಿಯುತ್ತೆ. ಕೆಲಸ ಮುಗಿಸಬೇಕಾದ ಹೊತ್ತಿಗೇ ಯೀಸ್ಟು ಮಲಗಿಬಿಡುತ್ತೆ. ಮೊದಲು ಹುಟ್ಟಿಸಿದ ಬೆಣ್ಣೆ ವಾಸನೆಯನ್ನು ಕೊನೆಯಲ್ಲಿ ತಾನೇ ತಿಂದು ಚೊಕ್ಕ ಮಾಡೋದು ಅದರ ಅಭ್ಯಾಸ. ಮಲಗಿದರೆ ಆ ವಾಸನೆ ಹಾಗೇ ಉಳಿಯುತ್ತೆ. ಆದ್ದರಿಂದ ನಾಲ್ಕನೇ ದಿನ ಬಕೆಟ್ಟನ್ನು ಮೇಲೆ, 20 ಡಿಗ್ರಿ ಇರೋ ರೂಮಿಗೆ ತನ್ನಿ. ತಣ್ಣಗೆ ಶುರು, ಬೆಚ್ಚಗೆ ಕೊನೆ. ಇದೊಂದು ನೆನಪಿದ್ದರೆ ಸಾಕು.

ಹೀಟರಿನ ಗಾಳಿ ಬರೋ ಕಿಂಡಿ ಪಕ್ಕ ಮಾತ್ರ ಇಡಬೇಡಿ. ಹೀಟರ್ ಆನ್ ಆದಾಗ 26, ಆಫ್ ಆದಾಗ 17 ಅಂತ ಕುಣಿದರೆ ಯೀಸ್ಟಿಗೆ ಜ್ವರ ಬಂದ ಹಾಗೆ. ಒಳಗಿನ ಬೀರುವೋ ಮೂಲೆಯೋ ಒಳ್ಳೇದು. ನಾನು ಊರಿಂದ ತಂದಿದ್ದ ಕಂಬಳಿ ಸುತ್ತಿದೆ. ಒಂದು ವಿಷಯ ಗಮನಿಸಿ: ಕಂಬಳಿ ಬಿಸಿ ಹುಟ್ಟಿಸಲ್ಲ, ಇರೋದನ್ನ ಉಳಿಸುತ್ತೆ ಅಷ್ಟೇ. ತಣ್ಣಗಾದ ಮೇಲೆ ಸುತ್ತಿದರೆ ತಣ್ಣಗೇ ಉಳಿಸುತ್ತೆ. ಬಿಸಿ ಇದ್ದಾಗಲೇ ಸುತ್ತಬೇಕು. ಜೊತೆಗೆ ಬೆಳಕನ್ನೂ ತಡೆಯುತ್ತೆ. ಬಿಸಿಲು ತಾಗಿದರೆ ಹಾಪ್ಸ್ ಕೆಟ್ಟು ನಾತ ಹೊಡೆಯುತ್ತೆ.

ನಾರ್ವೆಯ ಪಶ್ಚಿಮ ಭಾಗದ ರೈತರ ಹತ್ತಿರ ಕ್ವೈಕ್ ಅನ್ನೋ ಯೀಸ್ಟ್ ಇದೆ. ಅಷ್ಟು ಚಳಿ ದೇಶದಲ್ಲಿದ್ದೂ ಅದು 30 ಡಿಗ್ರಿ ದಾಟಿದ ಬಿಸಿಯಲ್ಲಿ ಖುಷಿಯಾಗಿರುತ್ತೆ. ಮರದ ಚೂರುಗಳನ್ನು ಹೆಣೆದ ಬಳೆಗೆ ಮೆತ್ತಿ ಒಣಗಿಸಿ, ತಲೆಮಾರುಗಳಿಂದ ಮನೆಯಲ್ಲಿ ಉಳಿಸಿಕೊಂಡು ಬಂದಿದ್ದಾರೆ. ಯಾರದಾದರೂ ಯೀಸ್ಟ್ ಕೆಟ್ಟರೆ ಪಕ್ಕದ ಮನೆಯಿಂದ ತರ್ತಾರೆ. ನಮ್ಮಲ್ಲಿ ಹೆಪ್ಪಿಗೆ ಒಂದು ಚಮಚ ಮೊಸರು ಕೇಳೋ ಹಾಗೆ.

ಈ ಕಂಬಳಿಯಿಂದಲೇ ಅವ್ವನಿಗೆ ಗೊತ್ತಾಗಿದ್ದು. ಭಾನುವಾರ ವಿಡಿಯೋ ಕಾಲ್ ಮಾಡಿದಾಗ ಹಿಂದೆ ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದ ಬಕೆಟ್ಟು ಕಾಣಿಸಿತು. ಮೇಲೆ ಸಿಕ್ಕಿಸಿದ ಏರ್‌ಲಾಕಿನಿಂದ ಗುಳುಕ್ ಗುಳುಕ್ ಸದ್ದು.

‘ಅದ್ಯಾರ್ಲಾ ಅದು, ಕಂಬ್ಳಿ ಹೊದ್ಸಿ ಕೂರ್ಸಿದ್ದೀಯಾ?’

‘ಬಿಯರು ಕಣವ್ವ. ಮನೇಲೇ ಮಾಡ್ತಿದ್ದೀನಿ.’

ಅವ್ವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಭಟ್ಟಿ ಇಟ್ಟಿದ್ದೀಯಾ ಅನ್ನು’ ಅಂದ್ರು.

ಅವರಿಗೆ ಗೊತ್ತಿರೋ ಮನೆ ಮದ್ಯ ಅಂದ್ರೆ ಕಳ್ಳಭಟ್ಟಿ. ಬೆಲ್ಲದ ಕೊಳೆ, ಜಾಲಿ ಚಕ್ಕೆ, ನವಸಾಗರ, ಮೇಲೆ ಇನ್ನೇನು ಹಾಕಿರ್ತಾರೋ ದೇವರಿಗೇ ಗೊತ್ತು. ನಾನು ವಿವರಿಸಿದೆ. ಇದರಲ್ಲಿ ಭಟ್ಟಿ ಇಳಿಸೋದು ಇಲ್ಲ. ಒಂದು ಗಂಟೆ ಕುದಿಸಿರ್ತೀವಿ, ಹಾಪ್ಸ್ ಇರುತ್ತೆ, ಹುಳಿ ಇರುತ್ತೆ, ಕೆಟ್ಟರೆ ರುಚಿ ಕೆಡುತ್ತೆ ಅಷ್ಟೇ, ಯಾರ ಕಣ್ಣೂ ಹೋಗಲ್ಲ. ಎಲ್ಲಾ ಕೇಳಿಸಿಕೊಂಡು ಅವ್ವ ಅಂದಿದ್ದು ಒಂದೇ ಮಾತು: ‘ನಿನ್ ಚಿಕ್ಕವ್ವನ ಮುಂದೆ ಇದ್ನೆಲ್ಲ ಹೇಳಬ್ಯಾಡ.’

ನಮ್ಮ ಚಿಕ್ಕಪ್ಪ ಕುಡಿದು ಸತ್ತರು. ಹೀಗೆ ನೇರವಾಗಿ ಬರೆಯೋದು ನನಗೆ ಇದೇ ಮೊದಲು. ಊರಿನ ಸಾರಾಯಿ ಅಂಗಡಿಯ ಪ್ಯಾಕೆಟ್ಟು, ಬೆಳಿಗ್ಗೆ ಒಂದು, ಆಮೇಲೆ ಲೆಕ್ಕ ಇಲ್ಲ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧ ಆದಾಗ ನಾನು ಬಿಇ ಕೊನೇ ವರ್ಷದಲ್ಲಿದ್ದೆ. ಹಾಸ್ಟೆಲಿನಿಂದ ಫೋನ್ ಮಾಡಿದರೆ ಮನೆಯಲ್ಲಿ ಎಲ್ಲರಿಗೂ ಖುಷಿ. ಆದರೆ ಚಿಕ್ಕಪ್ಪ ಸಾರಾಯಿಯಿಂದ ಅಗ್ಗದ ವಿಸ್ಕಿಗೆ ಹೋದರು, ಖರ್ಚು ಹೆಚ್ಚಾಯ್ತು, ಚಿಕ್ಕವ್ವನ ಓಲೆ ಒತ್ತೆ ಹೋಯ್ತು. ಎರಡು ವರ್ಷಕ್ಕೆ ಲಿವರ್ ಹೋಯ್ತು. ಚಿಕ್ಕವ್ವ ಎರಡು ಹಸು ಕಟ್ಟಿ ಮಕ್ಕಳನ್ನು ಓದಿಸಿದರು.

ಬಿಯರ್ ಬೇರೆ ಸಾರಾಯಿ ಬೇರೆ, ಶೇಕಡಾ ಐದು ಎಲ್ಲಿ ಮೂವತ್ತು ನಲವತ್ತು ಎಲ್ಲಿ, ನಾವು ರುಚಿಗೆ ಕುಡಿಯೋರು ಅಂತೆಲ್ಲ ನಮ್ಮ ಐಟಿ ಮಂದಿ ಹೇಳ್ತೀವಲ್ಲ, ಅದನ್ನೇ ನಾನೂ ಅವ್ವನಿಗೆ ಹೇಳಿದೆ. ಅವ್ವ ವಾದ ಮಾಡಲಿಲ್ಲ. ಅವರು ಕೇಳಿದ್ದು ಬೇರೆ ಪ್ರಶ್ನೆ. ‘ಅಷ್ಟು ಚಳೀಲಿ ಹುದುಗು ಬತ್ತದಾ?’

ಬೇಸ್‌ಮೆಂಟು, ನಾಲ್ಕನೇ ದಿನ, ಮೇಲೆ ತಂದಿದ್ದು ಎಲ್ಲಾ ಹೇಳಿದೆ. ಗುಳುಕ್ ಸದ್ದು ನಿಂತ ಮೇಲೆ ಬಾಟ್ಲಿಗೆ ತುಂಬೋದು ಅಂದೆ.

‘ಸದ್ದು ನಿಂತೋದ್ರೆ ಮುಗೀತು ಅಂತ ಅನ್ಕಂಬ್ಯಾಡ. ಮಾಗಿ ಚಳೀಲಿ ದೋಸೆ ಹಿಟ್ಟು ಸುಮ್ಕೆ ಕೂತಿರ್ತದೆ. ಒಲೆ ಪಕ್ಕಕ್ಕೆ ಇಟ್ಟೇಟ್ಗೆ ಉಕ್ಕಿ ಚೆಲ್ತದೆ. ನಿನ್ ಚಿಕ್ಕಪ್ಪಾನೂವೆ ಒಂದ್ಸಲ ಆರು ತಿಂಗ್ಳು ಮುಟ್ಟಿರ್ಲಿಲ್ಲ. ಬಿಟ್ಟವ್ನೆ ಅಂತ ನಾವೆಲ್ಲ ಸಕ್ಕರೆ ಹಂಚಿದ್ವಿ.’

ಚಿಕ್ಕಪ್ಪ ಆರು ತಿಂಗಳು ಬಿಟ್ಟಿದ್ದರು ಅನ್ನೋದೇ ನನಗೆ ಗೊತ್ತಿರಲಿಲ್ಲ.

ಹಿಟ್ಟಿನ ವಿಷಯದಲ್ಲಿ ಅವ್ವ ಹೇಳಿದ್ದು ಬಿಯರಿಗೆ ಅಕ್ಷರಶಃ ನಿಜ, ಮತ್ತು ಚಳಿಗಾಲದಲ್ಲಿ ಶುರು ಮಾಡೋರು ತಿಳಿಯಲೇಬೇಕಾದ ಎಚ್ಚರಿಕೆ ಅದು. ಮನೆ ಬಿಯರಿನಲ್ಲಿ ನಿಜವಾದ ಅಪಾಯ ವಿಷ ಅಲ್ಲ, ಬಾಟ್ಲಿ ಸಿಡಿಯೋದು. ಚಳಿಗೆ ಮಲಗಿದ ಯೀಸ್ಟು ಕೆಲಸ ಮುಗಿಸಿದ ಯೀಸ್ಟಿನ ಥರಾನೇ ಕಾಣುತ್ತೆ. ಗುಳ್ಳೆ ಇಲ್ಲ, ನೊರೆ ಇಲ್ಲ, ಮೇಲೆ ತಿಳಿ. ಅದನ್ನು ನಂಬಿ ಬಾಟ್ಲಿಗೆ ತುಂಬಿ, ಮುಚ್ಚಳ ಬಿಗಿದು, ಬೆಚ್ಚಗಿನ ರೂಮಿನಲ್ಲಿಟ್ಟರೆ ಯೀಸ್ಟ್ ಎದ್ದು ಉಳಿದ ಸಕ್ಕರೆಯನ್ನೆಲ್ಲ ತಿನ್ನೋಕೆ ಶುರು ಮಾಡುತ್ತೆ. ಗ್ಯಾಸಿಗೆ ಹೋಗೋಕೆ ದಾರಿ ಇಲ್ಲ. ಗಾಜು ಚೂರಾಗಿ ಹಾರುತ್ತೆ.

ಆದ್ದರಿಂದ ಕಣ್ಣು, ಕಿವಿ ಎರಡನ್ನೂ ನಂಬದೆ ಹೈಡ್ರೋಮೀಟರ್ ನಂಬಬೇಕು. ಡೈರಿಯಲ್ಲಿ ಹಾಲಿಗೆ ಬಿಡೋ ಲ್ಯಾಕ್ಟೋಮೀಟರ್ ನೋಡಿದೋರಿಗೆ ಇದು ಹೊಸದಲ್ಲ, ಅದರ ಅಣ್ಣ ಅಷ್ಟೇ. ಸಕ್ಕರೆ ಹೆಚ್ಚಿದ್ದರೆ ಮೇಲೆ ತೇಲುತ್ತೆ, ಸಕ್ಕರೆ ಹೋಗಿ ಆಲ್ಕೋಹಾಲ್ ಆದ ಹಾಗೆ ಕೆಳಗೆ ಮುಳುಗುತ್ತೆ. ನನ್ನ ಮೊದಲ ಬ್ಯಾಚು ಶುರುವಿನಲ್ಲಿ 1.048 ತೋರಿಸಿತು. 12ನೇ ದಿನ 1.012. ಎರಡು ದಿನ ಬಿಟ್ಟು ನೋಡಿದರೂ 1.012, ಮತ್ತೆರಡು ದಿನ ಬಿಟ್ಟರೂ ಅದೇ. ಅದೂ 20 ಡಿಗ್ರಿಯ ರೂಮಿನಲ್ಲಿ. ಚಳಿಯಲ್ಲಿ ಅಳೆದ ಸ್ಥಿರತೆಗೆ ಬೆಲೆ ಇಲ್ಲ. ಬೆಚ್ಚಗಿಟ್ಟ ಮೇಲೂ ಸಂಖ್ಯೆ ಕದಲದಿದ್ದರೆ ಮಾತ್ರ ಮುಗಿದಿದೆ ಅಂತ. ಎರಡು ಸಂಖ್ಯೆಗಳ ವ್ಯತ್ಯಾಸವನ್ನು 131ರಿಂದ ಗುಣಿಸಿದರೆ ಆಲ್ಕೋಹಾಲಿನ ಅಂದಾಜು ಸಿಗುತ್ತೆ. ನನ್ನದು ಶೇಕಡಾ 4.7.

ಬಾಟ್ಲಿಗೆ ತುಂಬುವಾಗ 19 ಲೀಟರಿಗೆ ಸುಮಾರು 110 ಗ್ರಾಂ ಸಕ್ಕರೆಯನ್ನು ನೀರಿನಲ್ಲಿ ಕುದಿಸಿ ಆರಿಸಿ ಸೇರಿಸಬೇಕು. ಬಾಟ್ಲಿಯೊಳಗೆ ಗ್ಯಾಸು ಬರೋದು ಅದರಿಂದ. ಅಡುಗೆಮನೆ ತಕ್ಕಡಿಯಲ್ಲಿ ತೂಕ ಹಾಕಿ, ಅಂದಾಜಿಗೆ ಸುರೀಬೇಡಿ. ಮುಚ್ಚಳ ತಿರುಗಿಸೋ ಥರದ ಬಾಟ್ಲಿ ಬೇಡ, ಒತ್ತಿ ಕೂರಿಸೋ ಮುಚ್ಚಳದ ದಪ್ಪ ಗಾಜಿನವು ಬೇಕು. ತುಂಬಿದ ಮೇಲೆ ಎರಡು ವಾರ ಮತ್ತೆ 20 ಡಿಗ್ರಿಯಲ್ಲೇ ಇಡಬೇಕು. ಬೇಸ್‌ಮೆಂಟಿಗೆ ಇಳಿಸಿದರೆ ಯೀಸ್ಟ್ ಮಲಗಿ ಬಿಯರ್ ಸಪ್ಪೆಯಾಗಿ ಉಳಿಯುತ್ತೆ. ಎರಡು ವಾರ ಆದ ಮೇಲೆ ಫ್ರಿಜ್ಜು. ಮೊದಲ ದಿನದಿಂದ ಲೆಕ್ಕ ಹಾಕಿದರೆ ಒಂದು ತಿಂಗಳು ದಾಟಿರುತ್ತೆ.

ನನ್ನ ನೋಟ್‌ಬುಕ್ಕಿನಲ್ಲಿ ದಿನಾಂಕ, ಡಿಗ್ರಿ, ಹೈಡ್ರೋಮೀಟರ್ ರೀಡಿಂಗ್ ಇಷ್ಟು ಮಾತ್ರ ಇತ್ತು. ಅದನ್ನು ಕ್ಯಾಮೆರಾ ಮುಂದೆ ಹಿಡಿದು ತೋರಿಸಿದಾಗ ಅವ್ವ, ‘ಎಷ್ಟು ಮಾಡ್ದೆ ಅಂತ ಬರ್ದಿದ್ದೀಯ. ಎಷ್ಟು ಕುಡುದೆ ಅಂತ ಎಲ್ಲದೆ?’ ಅಂದ್ರು. ‘ಡೈರಿ ಪುಸ್ತಕದಂಗೆ ಬರಿ. ಹಾಕಿದ್ದೆಷ್ಟು, ಮನೆಗೆ ಇಟ್ಕಂಡಿದ್ದೆಷ್ಟು.’ ಬೈಗುಳ ಆಗಿದ್ದರೆ ಮರೆತುಬಿಡಬಹುದಿತ್ತು. ಅದು ಲೆಕ್ಕ. ಅವತ್ತೇ ಇನ್ನೊಂದು ಕಾಲಂ ಎಳೆದೆ.

ಇದರಿಂದ ನಾನು ಸುರಕ್ಷಿತ ಅಂತ ಹೇಳ್ತಿಲ್ಲ. ಹೊರಗೆ ಕತ್ತಲು, ಹೋಗೋಕೆ ಜಾಗ ಇಲ್ಲ, ಬೇಸ್‌ಮೆಂಟಿನಲ್ಲಿ ನಾಲ್ಕು ಡಜನ್ ಬಾಟ್ಲಿ. ಚಳಿಗಾಲ ಬಿಯರ್ ಮಾಡೋಕೆ ಎಷ್ಟು ಅನುಕೂಲವೋ ಒಬ್ಬನೇ ಕೂತು ಕುಡಿಯೋಕೂ ಅಷ್ಟೇ ಅನುಕೂಲ. ನಮ್ಮ ಮನೆತನದ ರಕ್ತದಲ್ಲಿ ಏನಿದೆ ಅಂತ ಅಳೆಯೋಕೆ ಹೈಡ್ರೋಮೀಟರ್ ಇಲ್ಲ. ನಿಮ್ಮ ಮನೆಯಲ್ಲಿ ಕುಡಿತ ಬಿಟ್ಟವರೋ ಬಿಡೋಕೆ ಒದ್ದಾಡ್ತಿರೋರೋ ಇದ್ದರೆ ಈ ಹವ್ಯಾಸ ಆ ಮನೆಗೆ ಬೇಡ. ಅದೇ ಕಂಬಳಿ ಸುತ್ತಿ ಮೊಸರು ಮಾಡಿ, ಬ್ರೆಡ್ಡಿನ ಹಿಟ್ಟು ಹುದುಗಿಸಿ. ಕೈಗೆ ಕೆಲಸ, ಕಾಯೋ ಖುಷಿ ಎರಡೂ ಸಿಗುತ್ತೆ.

ಈ ಚಳಿಗಾಲದ ಲೆಕ್ಕ ಇಲ್ಲಿದೆ. ತುಂಬಿದ್ದು 48. ಆಫೀಸಿನವರಿಗೆ, ಅಕ್ಕಪಕ್ಕದವರಿಗೆ ಕೊಟ್ಟಿದ್ದು 21. ಹೆಂಡತಿ 5. ನಾನು 14, ಒಂಬತ್ತು ವಾರದಲ್ಲಿ. ಉಳಿದಿದ್ದು 8. ಮೊದಲು ಭಾನುವಾರದ ಫೋನು ‘ಊಟ ಆಯ್ತಾ’ದಿಂದ ಶುರು ಆಗ್ತಿತ್ತು, ಈಗ ‘ಎಷ್ಟಾಯ್ತು?’ ಇಂದ ಶುರು ಆಗುತ್ತೆ. ನಾನು ಪುಸ್ತಕ ನೋಡಿ ಓದ್ತೀನಿ. ಹೋದ ವಾರ ಪಕ್ಕದಲ್ಲಿ ಚಿಕ್ಕವ್ವಾನೂ ಕೂತಿದ್ದರು. ಅವ್ವ ಮುಚ್ಚಿಡಲಿಲ್ಲ, ನಾನೂ ನಿಲ್ಲಿಸಲಿಲ್ಲ. 14 ಅಂದಾಗ ಚಿಕ್ಕವ್ವ ಬೆರಳಲ್ಲಿ ವಾರ ಎಣಿಸಿ, ‘ಮುಂದಿನ ಸಲ ಎರಡು ಕಮ್ಮಿ ಮಾಡ್ಕಳಪ್ಪ’ ಅಂದರು.